ಎಲೆಕ್ಟ್ರಿಕ್ ಗಿಟಾರಿನ ಫ್ರೆಟ್ ಬಜ್: ಪತ್ತೆ ಮತ್ತು ಪರಿಹಾರ

ಗಿಟಾರಿನ ತಂತಿ ಕಂಪಿಸುವಾಗ, ಬೆರಳು ಒತ್ತಿದ ಜಾಗದಿಂದ ಮುಂದಿರುವ ಯಾವುದಾದರೂ ಫ್ರೆಟ್ಟಿನ ನೆತ್ತಿಗೆ ಬಡಿದು ಹೊರಡುವ ಜಿರ್ರೆನ್ನುವ ಒಡಕು ಸದ್ದೇ ಫ್ರೆಟ್ ಬಜ್. ಇದು ಮೀಟಿದ ಕ್ಷಣದಲ್ಲಿ ಮಾತ್ರ ಕೇಳಿ ಅಡಗಬಹುದು, ಸ್ವರ ಆರುವವರೆಗೂ ಅದಕ್ಕೆ ಅಂಟಿಕೊಂಡಿರಬಹುದು. ವಿಪರೀತವಾದರೆ ಸ್ವರವೇ ಹುಟ್ಟದೆ ಬರೀ 'ಟಕ್' ಎಂಬ ಸದ್ದಾಗಿ ನಿಂತುಹೋಗುತ್ತದೆ. ಫ್ರೆಟ್ ಇರುವ ಯಾವ ವಾದ್ಯಕ್ಕೂ ಈ ಕಾಟ ತಪ್ಪಿದ್ದಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ತೆಳ್ಳಗಿದ್ದು ಫ್ರೆಟ್‌ಬೋರ್ಡಿಗೆ ತೀರಾ ಹತ್ತಿರ ಇರುವುದರಿಂದ ಅಲ್ಲಿ ಇದು ಹೆಚ್ಚು. ಪರಿಹಾರ ಸುಲಭವಾಗಿರುವುದೂ ಅಲ್ಲಿಯೇ. ಅದರ ಮುಖ್ಯ ಭಾಗಗಳನ್ನೆಲ್ಲ ತಿರುಪು ತಿರುಗಿಸಿ ಏರಿಸಬಹುದು, ಇಳಿಸಬಹುದು. ಜಿರ್ರೆಂದ ಕೂಡಲೇ ಫ್ರೆಟ್ಟನ್ನು ಉಜ್ಜಲು ಅರ ಹಿಡಿಯುವವರು ಬಹಳ ಮಂದಿ. ಆದರೆ ಹೆಚ್ಚಿನ ಗಿಟಾರುಗಳಲ್ಲಿ ಫ್ರೆಟ್ಟಿನ ತಪ್ಪೇನೂ ಇರುವುದಿಲ್ಲ. ನೆಕ್ ಬಾಗಿರುತ್ತದೆ, ಸ್ಯಾಡಲ್ ಇಳಿದಿರುತ್ತದೆ, ಇಲ್ಲವೇ ತಂತಿ ಬದಲಾಗಿರುತ್ತದೆ. ತಿರುಪನ್ನು ಹಿಂದಕ್ಕೆ ತಿರುಗಿಸಬಹುದು, ಅರದಿಂದ ಉಜ್ಜಿಹೋದ ಲೋಹ ಮರಳಿ ಬಾರದು. ಈ ಲೇಖನದಲ್ಲಿ ಪರೀಕ್ಷೆಗಳನ್ನೂ ದುರಸ್ತಿಗಳನ್ನೂ ಹೇಳಿರುವ ಕ್ರಮಕ್ಕೆ ಇದೇ ಕಾರಣ.

ತಂತಿಗೆ ಬೇಕಾದ ಜಾಗ

ನೆಕ್‌ನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಸರಳುಗಳೇ ಫ್ರೆಟ್‌ಗಳು. ತಂತಿ ಒಂದು ಕೊನೆಯಲ್ಲಿ, ಅಂದರೆ ಗಿಟಾರಿನ ತಲೆಯ ಬುಡದಲ್ಲಿ, ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿಯ ಸೀಳಿನಲ್ಲಿ ಕೂತಿರುತ್ತದೆ. ಆ ಪಟ್ಟಿಗೆ ನಟ್ ಎನ್ನುತ್ತಾರೆ. ಇನ್ನೊಂದು ಕೊನೆ ದೇಹದ ಮೇಲಿನ ಬ್ರಿಡ್ಜಿನಲ್ಲಿ, ತಂತಿಯನ್ನು ಹೊರುವ ಸ್ಯಾಡಲ್ ಮೇಲೆ. ಯಾವುದೇ ಫ್ರೆಟ್ಟಿನಿಂದ ಸ್ಯಾಡಲ್‌ವರೆಗೆ ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್ ಎಷ್ಟು ದೂರ ಎಂಬುದು ಸಿಗುತ್ತದೆ. ಇಟಲಿಯ ವಿಂಚೆಂಜೊ ಗೆಲಿಲಿ (ವಿಜ್ಞಾನಿ ಗೆಲಿಲಿಯೊನ ತಂದೆ) 1581ರಲ್ಲೇ ಲ್ಯೂಟ್ ವಾದ್ಯಕ್ಕೆ 18:17 ಎಂಬ ಅನುಪಾತವನ್ನು ಹೇಳಿದ್ದ. ಇಂದಿನ ಸಂಖ್ಯೆ ಅದಕ್ಕೆ ಬಹಳ ಹತ್ತಿರದ್ದೇ.

ಈ ಲೆಕ್ಕದಿಂದ ಬಜ್‌ನ ಗುಟ್ಟು ಬಯಲಾಗುತ್ತದೆ. ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರನ್ನೇ ತೆಗೆದುಕೊಳ್ಳೋಣ. ನಟ್‌ನಿಂದ ಸ್ಯಾಡಲ್‌ಗೆ 648 ಮಿ.ಮೀ. ನೆಕ್ ದಾರ ಹಿಡಿದಂತೆ ನೇರವಾಗಿದೆ, 12ನೇ ಫ್ರೆಟ್ಟಿನ ಮೇಲೆ ತಂತಿ 1.6 ಮಿ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಂಡರೆ ಸ್ಯಾಡಲ್ ಹತ್ತಿರ ಆ ಎತ್ತರ ಸುಮಾರು 3.2 ಮಿ.ಮೀ. ಆಗುತ್ತದೆ. 5ನೇ ಫ್ರೆಟ್ಟಿನಲ್ಲಿ ಒತ್ತಿದರೆ 6ನೇ ಫ್ರೆಟ್ಟಿಗೂ ತಂತಿಗೂ ನಡುವೆ ಉಳಿಯುವ ಸಂದು 3.2ನ್ನು 17.817ರಿಂದ ಭಾಗಿಸಿದಷ್ಟು, ಅಂದರೆ ಬರೀ 0.18 ಮಿ.ಮೀ. 12ರಲ್ಲಿ ಒತ್ತಿದರೂ ಅಷ್ಟೇ, 17ರಲ್ಲಿ ಒತ್ತಿದರೂ ಅಷ್ಟೇ. ನೇರವಾದ ನೆಕ್‌ನ ಮೇಲೆ ಮುಂದಿನ ಫ್ರೆಟ್ಟಿನ ಸಂದು ಎಲ್ಲೆಡೆಯೂ ಒಂದೇ. ಜೆರಾಕ್ಸ್ ಅಂಗಡಿಯ ಎರಡು ಹಾಳೆ ಒಟ್ಟಿಗೆ ಹಿಡಿದರೆ ಅದಕ್ಕಿಂತ ದಪ್ಪ. ಇಷ್ಟು ಕಿರಿದಾದ ಸಂದಿನಲ್ಲಿ ಒಂದು ಫ್ರೆಟ್ ಹೊರಗೆದ್ದು 0.1 ಮಿ.ಮೀ. ಎತ್ತರವಾದರೆ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಅದೇ ಕಬಳಿಸುತ್ತದೆ.

ಸಂದು ಎಲ್ಲೆಡೆ ಒಂದೇ ಆದರೂ ತಂತಿಯ ಅಗತ್ಯ ಒಂದೇ ಅಲ್ಲ. ಕಂಪಿಸುವ ಉದ್ದ ಹೆಚ್ಚಿದ್ದಷ್ಟೂ ತಂತಿ ಅಗಲವಾಗಿ ತೂಗಾಡುತ್ತದೆ. 6ನೆಯ, ಅಂದರೆ ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಬಿಟ್ಟು ಮೀಟಿದರೆ ಆ ತೂಗಾಟ ಬರಿಗಣ್ಣಿಗೇ ಕಾಣುತ್ತದೆ. ಆದ್ದರಿಂದ ತಲೆಯ ಕಡೆಯ ಮೊದಲ ಕೆಲವು ಫ್ರೆಟ್‌ಗಳಲ್ಲಿ ನುಡಿಸುವಾಗ ಹೆಚ್ಚು ಜಾಗ ಬೇಕು. ಅದಕ್ಕಾಗಿ ನೆಕ್ಕನ್ನು ಪೂರ್ತಿ ನೇರವಾಗಿ ಬಿಡದೆ ನಡುವೆ ತುಸು ತಗ್ಗು ಬರುವಂತೆ ಬಾಗಿಸಿರುತ್ತಾರೆ. ಈ ತಗ್ಗಿಗೆ ರಿಲೀಫ್ ಎಂದು ಹೆಸರು. ಫ್ರೆಟ್‌ಬೋರ್ಡಿನ ಮೈ ಅಡ್ಡಕ್ಕೆ ತುಸು ದುಂಡಾಗಿರುತ್ತದೆ; ಆ ದುಂಡಿನ ತ್ರಿಜ್ಯ 9.5ರಿಂದ 12 ಇಂಚು ಇರುವ ಬೋರ್ಡಿಗೆ ಫೆಂಡರ್ ಕಂಪನಿ ಹೇಳುವ ರಿಲೀಫ್ 0.25 ಮಿ.ಮೀ. 7.25 ಇಂಚಿನ ಹಳೆಯ ಮಾದರಿಗೆ 0.3, 15ರಿಂದ 17 ಇಂಚಿನ ಚಪ್ಪಟೆ ಬೋರ್ಡಿಗೆ 0.2. ಕಾಗದದ ಮೇಲೆ ಇವು ಅತ್ಯಲ್ಪ ಅಳತೆಗಳು, ಆದರೆ 0.18ರ ಸಂದಿನ ಪಕ್ಕದಲ್ಲಿ ಇಟ್ಟು ನೋಡಿದರೆ ಬಹಳ ದೊಡ್ಡವು.

ರಿಲೀಫ್ ಅತಿಯಾದರೂ ಬಜ್ ಬರುತ್ತದೆ ಎಂಬುದನ್ನು ಅನೇಕರು ನಂಬುವುದಿಲ್ಲ. ತಗ್ಗಿನ ತಳದಲ್ಲಿ ಬೆರಳು ಒತ್ತಿದಾಗ ಮುಂದಿನ ಫ್ರೆಟ್‌ಗಳು ಏರುಮುಖವಾಗಿರುತ್ತವೆ, ತಂತಿ ಅವುಗಳ ಮೇಲೆ ಸವರಿಕೊಂಡು ಹೋಗುತ್ತದೆ. ನೆಕ್ಕನ್ನು ಇನ್ನಷ್ಟು ಬಾಗಿಸಿದರೆ ಎಲ್ಲ ಬಜ್ ಹೋಗುತ್ತದೆ ಎಂಬ ಸಲಹೆ ಅರ್ಧ ಸತ್ಯ.

ಚರಿತ್ರೆಯಿಂದ ಒಂದಿಷ್ಟು

1930ರ ದಶಕದ ಆರಂಭದಲ್ಲಿ ಬಂದ ರಿಕನ್‌ಬ್ಯಾಕರ್ 'ಫ್ರೈಯಿಂಗ್ ಪ್ಯಾನ್' ಗಿಟಾರಿಗೆ ಈ ತೊಂದರೆಯೇ ಇರಲಿಲ್ಲ. ಅದು ತೊಡೆಯ ಮೇಲಿಟ್ಟು ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ಹವಾಯಿಯನ್ ಮಾದರಿ. ತಂತಿಯನ್ನು ಫ್ರೆಟ್ಟಿಗೆ ಒತ್ತುವ ಮಾತೇ ಇಲ್ಲ. ಬೆರಳಲ್ಲಿ ಒತ್ತಿ ನುಡಿಸುವ, ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರು ಮಾರುಕಟ್ಟೆಗೆ ಬಂದ ಮೇಲೆ ನೆಕ್‌ನ ಬಾಗು ದೊಡ್ಡ ಪ್ರಶ್ನೆಯಾಯಿತು. ಅದಕ್ಕೆ ಉತ್ತರ ಮೊದಲೇ ಸಿದ್ಧವಿತ್ತು. ಗಿಬ್ಸನ್ ಕಾರ್ಖಾನೆಯ ಥಡಿಯಸ್ ಮೆಕ್‌ಹ್ಯೂ ನೆಕ್‌ನೊಳಗೆ ಹಾಯಿಸಿ ಬಿಗಿ ಮಾಡುವ ಉಕ್ಕಿನ ಕಂಬಿಗೆ 1921ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದ. ಅದೇ ಟ್ರಸ್ ರಾಡ್. ಲಿಯೊ ಫೆಂಡರ್ ಗಟ್ಟಿ ಮೇಪಲ್ ಮರದ ನೆಕ್ಕಿಗೆ ಇಂಥದ್ದು ಬೇಕಿಲ್ಲವೆಂದು 1950ರ ಮೊದಲ ಎಸ್‌ಕ್ವೈರ್ ಗಿಟಾರುಗಳನ್ನು ಟ್ರಸ್ ರಾಡ್ ಇಲ್ಲದೆಯೇ ಮಾಡಿದ. ನೆಕ್ಕುಗಳು ಬಾಗಿದವು, ಅದೇ ವರ್ಷ ರಾಡ್ ಸೇರಿಕೊಂಡಿತು. ಮರ ಎಷ್ಟೇ ಗಟ್ಟಿ ಇರಲಿ, ತಂತಿಯ ಎಳೆತದ ಮುಂದೆ ಅದರ ಆಟ ನಡೆಯುವುದಿಲ್ಲ. 10–46 ಅಳತೆಯ ಆರು ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೊ ಭಾರಕ್ಕೆ ಸಮ.

ಬಜ್ ಹೆಚ್ಚಲು ಎರಡನೆಯ ಕಾರಣ ತೆಳು ತಂತಿಗಳ ಜನಪ್ರಿಯತೆ. ಎರ್ನಿ ಬಾಲ್ 1962ರಲ್ಲಿ ತಂದ 'ಸ್ಲಿಂಕಿ' ಸೆಟ್‌ಗಳು ತಂತಿ ಎಳೆದು ಸ್ವರ ಏರಿಸುವುದನ್ನು ಸುಲಭ ಮಾಡಿದವು. ಆದರೆ ಸಡಿಲ ತಂತಿ ಹೆಚ್ಚು ಅಗಲಕ್ಕೆ ತೂಗಾಡುತ್ತದೆ, ಬೇಗ ಫ್ರೆಟ್ಟಿಗೆ ಬಡಿಯುತ್ತದೆ.

ಪತ್ತೆ

ಮೊದಲ ಪರೀಕ್ಷೆ ಕಿವಿಯದು. ಆಂಪ್ ಹಚ್ಚದೆ ಸದ್ದಿಲ್ಲದ ಕೋಣೆಯಲ್ಲಿ ನುಡಿಸಿದರೆ ಎಷ್ಟು ಒಳ್ಳೆಯ ಗಿಟಾರಿನಲ್ಲೂ ಅಲ್ಪಸ್ವಲ್ಪ ಜಿರಿಜಿರಿ ಕೇಳುತ್ತದೆ. ಪಿಕಪ್ ಹಿಡಿಯುವುದು ತಂತಿಯ ಅಲುಗಾಟವನ್ನು, ಫ್ರೆಟ್ಟಿಗೆ ಬಡಿದು ಗಾಳಿಯಲ್ಲಿ ಹರಡುವ ಸದ್ದನ್ನಲ್ಲ. ಆಂಪ್‌ನಲ್ಲಿ, ಡಿಸ್ಟಾರ್ಷನ್ ಇಲ್ಲದ ಶುದ್ಧ ನಾದದಲ್ಲಿ ಕೇಳಿಸದ, ಸ್ವರದ ಆಯುಷ್ಯವನ್ನೂ ಕುಗ್ಗಿಸದ ಬಜ್ ದೋಷವೇ ಅಲ್ಲ. ತಂತಿ ಕೆಳಗಿರಬೇಕು ಎಂದು ಬಯಸುವವರು ತೆರುವ ಬೆಲೆ ಅದು. ಇದನ್ನು ಒಪ್ಪದೆ ಸುತ್ತಿ ಸುತ್ತಿ ತಿರುಪು ತಿರುಗಿಸುವವರ ಗಿಟಾರು ಎಂದೂ ಸರಿಹೋಗುವುದಿಲ್ಲ.

ಎರಡನೆಯದು ಕೈ. ಬೆರಳನ್ನು ಫ್ರೆಟ್ಟಿನ ಹಿಂದೆಯೇ, ಅದಕ್ಕೆ ತಾಗಿದಂತೆ ಇಡದೆ ಎರಡು ಫ್ರೆಟ್‌ಗಳ ನಡುವೆ ಸಡಿಲವಾಗಿ ಇಟ್ಟರೆ ತಂತಿ ಅದೇ ಫ್ರೆಟ್ಟಿನ ಮೇಲೆ ನಡುಗುತ್ತದೆ. ಪಿಕ್‌ನಿಂದ ತಂತಿಯನ್ನು ದೇಹದ ಕಡೆಗೆ ಒತ್ತಿ ಬಿಟ್ಟರೆ ಅದು ನೇರ ಫ್ರೆಟ್ಟಿಗೇ ಬಂದು ಹೊಡೆಯುತ್ತದೆ. ಕುಣಿಯಲಾರದವಳಿಗೆ ನೆಲ ಡೊಂಕಾದಂತೆ ಆಗಬಾರದೆಂದರೆ ಅದೇ ಗಿಟಾರನ್ನು ಬೇರೊಬ್ಬರ ಕೈಗೆ ಕೊಟ್ಟು ನೋಡುವುದು ಒಳ್ಳೆಯದು.

ಆಮೇಲೆ ತಂತಿ ಮತ್ತು ಶ್ರುತಿ. ಹಳತಾಗಿ ತುಕ್ಕು ಹಿಡಿದ, ಫ್ರೆಟ್ ಬಡಿದಲ್ಲೆಲ್ಲ ಚಪ್ಪಟೆಯಾದ ತಂತಿಯಿಂದ ತೆಗೆದ ಯಾವ ಅಳತೆಯನ್ನೂ ನಂಬುವಂತಿಲ್ಲ. ಶ್ರುತಿಯನ್ನು ಒಂದು ಸ್ವರಸ್ಥಾನ ಇಳಿಸಿದರೆ ಎಳೆತ ನೂರಕ್ಕೆ ಸುಮಾರು 11ರಷ್ಟು ಕಡಿಮೆಯಾಗುತ್ತದೆ, ಎರಡು ಸ್ವರಸ್ಥಾನ ಇಳಿಸಿದರೆ ಸುಮಾರು 20ರಷ್ಟು. ಹಾಡಿಗಾಗಿ ಶ್ರುತಿ ಇಳಿಸಿ, ಅದೇ ತೆಳು ತಂತಿಯಲ್ಲಿ, ಅದೇ ಎತ್ತರದಲ್ಲಿ ನುಡಿಸಿ ಬಜ್ ಬಂತೆಂದರೆ ಗಿಟಾರನ್ನು ದೂರುವಂತಿಲ್ಲ. ದಪ್ಪ ತಂತಿ ಹಾಕಿದರೆ ಸಾಕು. ಸ್ಪ್ರಿಂಗ್‌ಗಳ ಮೇಲೆ ತೇಲುವ ಟ್ರೆಮೊಲೊ ಬ್ರಿಡ್ಜ್ ಇದ್ದರೆ ಇನ್ನೊಂದು ತೊಡಕು: ತಂತಿಯ ಎಳೆತ ಕಡಿಮೆಯಾದಾಗ ಹಿಂದಿನ ಸ್ಪ್ರಿಂಗ್‌ಗಳು ಗೆದ್ದು ಬ್ರಿಡ್ಜನ್ನು ಹಿಂದಕ್ಕೆ ಎಳೆಯುತ್ತವೆ, ಸ್ಯಾಡಲ್‌ಗಳು ಇಳಿಯುತ್ತವೆ, ಒಂದೇ ಏಟಿಗೆ ಆರೂ ತಂತಿಗಳಲ್ಲಿ ಬಜ್ ಶುರುವಾಗುತ್ತದೆ.

ಇದೆಲ್ಲ ಕಳೆದ ಮೇಲೂ ಸದ್ದು ಉಳಿದರೆ ಅದು ಎಲ್ಲೆಲ್ಲಿ ಬರುತ್ತದೆ ಎಂದು ಪಟ್ಟಿ ಮಾಡಬೇಕು. ಆರು ತಂತಿ, ಇಪ್ಪತ್ತೊಂದೋ ಇಪ್ಪತ್ತೆರಡೋ ಫ್ರೆಟ್. ಒಂದೊಂದನ್ನೂ ಒಂದೇ ಬಲದಲ್ಲಿ ಮೀಟಿ ಗುರುತು ಹಾಕಿಕೊಳ್ಳುವುದು ಬೇಸರದ ಕೆಲಸವಾದರೂ ರೋಗಪತ್ತೆಯ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ. ಬಿಟ್ಟು ಮೀಟಿದಾಗ ಮಾತ್ರ ಬಜ್, ಒತ್ತಿದ ಕೂಡಲೇ ಮಾಯ ಎಂದಾದರೆ ನಟ್‌ನ ಸೀಳು ಆಳವಾಗಿದೆ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಎಲ್ಲ ತಂತಿಗಳೂ ಜಿರ್ರೆನ್ನುತ್ತಿದ್ದು ಮುಂದೆ ಶುದ್ಧವಾಗಿದ್ದರೆ ನೆಕ್ ತೀರಾ ನೇರವಾಗಿದೆ, ಅಥವಾ ಹಿಂದಕ್ಕೆ ಬಾಗಿದೆ. ಹಿಂದಕ್ಕೆ ಬಾಗಿದ ನೆಕ್‌ನಲ್ಲಿ ಬೆರಳಿಗೂ ನಟ್‌ಗೂ ನಡುವಿನ ತಂತಿಯೂ ಫ್ರೆಟ್‌ಗಳ ಮೇಲೆ ನಡುಗಿ ಹಿಂಬದಿಯಿಂದ ಸದ್ದು ಬರುವುದುಂಟು. 12ರಿಂದ ಮುಂದೆ ಮಾತ್ರ ಬಂದರೆ ಸ್ಯಾಡಲ್ ಕೆಳಗಿದೆ, ಇಲ್ಲವೇ ನೆಕ್ ದೇಹಕ್ಕೆ ಸೇರುವಲ್ಲಿ ಬೋರ್ಡು ಮೇಲಕ್ಕೆ ಉಬ್ಬಿದೆ. ಅಲ್ಲೊಂದು ಇಲ್ಲೊಂದು ಕಡೆ, ಒಂದೇ ಫ್ರೆಟ್ಟಿನಲ್ಲಿ ಬಂದರೆ ಮಾತ್ರ ಫ್ರೆಟ್ಟಿನ ಮೇಲೆ ಅನುಮಾನ ಪಡಬೇಕು.

ಅಳತೆಗೆ ಬೇಕಾದ ಸಲಕರಣೆ ಕಡಿಮೆ. ರಿಲೀಫ್ ನೋಡಲು 1ನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಹಿಡಿಕೆ) ಹಾಕಿ, ಕೊನೆಯ ಫ್ರೆಟ್ಟಿನಲ್ಲಿ 6ನೇ ತಂತಿಯನ್ನು ಒತ್ತಿ ಹಿಡಿಯಬೇಕು. ಬಿಗಿದ ತಂತಿಗಿಂತ ನೇರವಾದ ಅಳತೆಪಟ್ಟಿ ಇನ್ನೊಂದಿಲ್ಲ. 8ನೇ ಫ್ರೆಟ್ಟಿನ ಮೇಲೆ ತಂತಿಗೂ ಲೋಹಕ್ಕೂ ನಡುವೆ ಫೀಲರ್ ಗೇಜಿನ 0.25ರ ಎಲೆ ತಂತಿಯನ್ನು ಎತ್ತದೆ ಜಾರಿಹೋದರೆ ಸರಿ. ಈ ಗೇಜಿಗಾಗಿ ಸಂಗೀತದ ಅಂಗಡಿಗೆ ಹೋಗಬೇಕಾಗಿಲ್ಲ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸಂದು ಅಳೆಯಲು ಬಳಸುವುದೂ ಅದನ್ನೇ; ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಆಟೊಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ. ನಟ್ ಪರೀಕ್ಷೆಗೆ 3ನೇ ಫ್ರೆಟ್ಟಿನಲ್ಲಿ ತಂತಿ ಒತ್ತಿ 1ನೇ ಫ್ರೆಟ್ಟಿನ ಮೇಲಿನ ಸಂದನ್ನು ನೋಡಬೇಕು. ಕೂದಲೆಳೆಯಷ್ಟಾದರೂ ಬೆಳಕು ಕಾಣಬೇಕು. ತಂತಿ ಫ್ರೆಟ್ಟಿಗೆ ಕೂತೇಬಿಟ್ಟಿದ್ದರೆ ಸೀಳು ಆಳವಾಯಿತೆಂದು ಅರ್ಥ. ಇನ್ನು ತಂತಿಯ ಎತ್ತರ, ಅಂದರೆ ಆಕ್ಷನ್. ಫೆಂಡರ್ ಅದನ್ನು 17ನೇ ಫ್ರೆಟ್ಟಿನಲ್ಲಿ 1.6 ಮಿ.ಮೀ. ಎಂದು ಹೇಳಿದರೆ ಗಿಬ್ಸನ್ 12ನೇ ಫ್ರೆಟ್ಟಿನಲ್ಲಿ ದಪ್ಪ ತಂತಿಗೆ ಸುಮಾರು 2, ತೆಳು ತಂತಿಗೆ ಸುಮಾರು 1.2 ಮಿ.ಮೀ. ಎನ್ನುತ್ತದೆ. ಇವು ಆರಂಭದ ಅಳತೆಗಳು ಮಾತ್ರ. ಬಲವಾಗಿ ಮೀಟುವವರಿಗೆ ಸಾಲವು.

ಎದ್ದ ಫ್ರೆಟ್ಟನ್ನು ಹಿಡಿಯುವ ಉಪಕರಣ ಫ್ರೆಟ್ ರಾಕರ್: ನಾಲ್ಕೂ ಬದಿ ಬೇರೆ ಬೇರೆ ಉದ್ದವಿರುವ ಉಕ್ಕಿನ ಪುಟ್ಟ ತುಂಡು. 2ನೇ ತಂತಿ 7ನೇ ಫ್ರೆಟ್ಟಿನಲ್ಲಿ ಒಡೆದು ನುಡಿಯುತ್ತಿದೆ ಎನ್ನೋಣ. ಮೊದಲು ಟ್ರಸ್ ರಾಡ್‌ನಿಂದ ನೆಕ್ಕನ್ನು ನೇರ ಮಾಡಿಕೊಂಡು, ರಾಕರಿನ ಅಂಚನ್ನು ಆ ತಂತಿಯ ಪಕ್ಕದಲ್ಲೇ 7, 8, 9ನೇ ಫ್ರೆಟ್‌ಗಳ ನೆತ್ತಿಯ ಮೇಲೆ ನಿಲ್ಲಿಸಿ ಎರಡೂ ಕೊನೆ ಒಂದೊಂದಾಗಿ ಒತ್ತಬೇಕು. ಅಲುಗದೆ ಕೂತರೆ ಮೂರೂ ಸಮ. ತಕ್ಕಡಿಯ ದಂಡದ ಹಾಗೆ ಅತ್ತಿತ್ತ ವಾಲಿ 'ಟಿಕ್ ಟಿಕ್' ಎಂದರೆ ನಡುವಿನ 8ನೇ ಫ್ರೆಟ್ ಎದ್ದಿದೆ. ಅದೇ ಅಂಚನ್ನು 4ನೇ ತಂತಿಯ ಕೆಳಗೆ ಇಟ್ಟಾಗ ಅಲುಗದಿದ್ದರೆ ಫ್ರೆಟ್ ಪೂರ್ತಿ ಎತ್ತರವಾಗಿಲ್ಲ, ಒಂದು ಬದಿ ಮಾತ್ರ ಸೀಳಿನಿಂದ ಎದ್ದಿದೆ ಎಂದು ತಿಳಿಯುತ್ತದೆ. ಆ ಬದಿಯನ್ನು ಮರದ ಕಡ್ಡಿಯಿಂದ ಒತ್ತಿ ಹಿಡಿದು ಸ್ವರ ಮೀಟಿ ನೋಡಬೇಕು. ಬಜ್ ಹೋದರೆ ಕಳ್ಳ ಸಿಕ್ಕಂತೆಯೇ. ರಾಕರ್ ಇಲ್ಲದವರು ಹಳೆಯ ಎಟಿಎಂ ಕಾರ್ಡಿನ ನೇರ ಅಂಚಿನಲ್ಲೂ ಒಂದು ಮಟ್ಟಿಗೆ ಈ ಕೆಲಸ ಮಾಡಬಹುದು. ಫ್ರೆಟ್‌ಗಳು ಹತ್ತಿರ ಬಂದಂತೆ ಇನ್ನೂ ಕಿರಿದಾದ ಅಂಚು ಬೇಕು. ನಾಲ್ಕು ಫ್ರೆಟ್‌ಗಳ ಮೇಲೆ ಇಟ್ಟರೆ ಫಲಿತಾಂಶ ದಾರಿ ತಪ್ಪಿಸುತ್ತದೆ.

ಫ್ರೆಟ್ಟಿಗೆ ಸಂಬಂಧವೇ ಇಲ್ಲದ ಬಜ್‌ಗಳೂ ಇವೆ. ಟ್ಯೂನಿಂಗ್ ಕೀಲಿಯ ಸಡಿಲ ವಾಷರ್, ಸ್ಯಾಡಲ್‌ನ ಎತ್ತರದ ತಿರುಪು, ಪಿಕಪ್ ಕೆಳಗಿನ ಸ್ಪ್ರಿಂಗ್, ಪೂರ್ತಿ ಸಡಿಲಾದ ಟ್ರಸ್ ರಾಡ್ ಇವೆಲ್ಲ ಒಂದೊಂದು ಸ್ವರಕ್ಕೆ ಮಾತ್ರ ಮಿಡಿಯುತ್ತವೆ. ಗಿಟಾರಿನ ಒಂದೊಂದು ಭಾಗವನ್ನು ಬೆರಳಿಂದ ಒತ್ತಿ ಹಿಡಿದು ಅದೇ ಸ್ವರವನ್ನು ಮೀಟುತ್ತ ಹೋದರೆ ಯಾವುದೆಂದು ಗೊತ್ತಾಗುತ್ತದೆ. ದಪ್ಪ ತಂತಿ ಮೇಲಿನ ಫ್ರೆಟ್‌ಗಳಲ್ಲಿ ಅಪಸ್ವರವಾಗಿ ಅಲೆಯಲೆಯಾಗಿ ನಡುಗಿದರೆ ಪಿಕಪ್‌ನ ಅಯಸ್ಕಾಂತ ಅದನ್ನು ಎಳೆಯುತ್ತಿದೆ. ಸ್ಟ್ರಾಟೊಕ್ಯಾಸ್ಟರ್‌ಗಳಲ್ಲಿ ಇದು ಸಾಮಾನ್ಯ, ಪಿಕಪ್ ಇಳಿಸಿದರೆ ಹೋಗುತ್ತದೆ. ಹಳೆಯ ಮಾದರಿಯ ಪಿಕಪ್‌ಗಳಿಗೆ ಫೆಂಡರ್ ಹೇಳುವ ಅಂತರ, ಕೊನೆಯ ಫ್ರೆಟ್ ಒತ್ತಿದಾಗ, ದಪ್ಪ ತಂತಿಯ ಕಡೆ ಸುಮಾರು 2.4, ತೆಳು ತಂತಿಯ ಕಡೆ ಸುಮಾರು 2 ಮಿ.ಮೀ.

ತಿರುಪಿನಿಂದ ಆಗುವ ದುರಸ್ತಿ

ಕ್ರಮ ಒಂದೇ: ಮೊದಲು ಟ್ರಸ್ ರಾಡ್, ಆಮೇಲೆ ಸ್ಯಾಡಲ್, ಆಮೇಲೆ ನಟ್. ನೆಕ್‌ನ ಬಾಗು ಬದಲಾದರೆ ತಂತಿಯ ಎತ್ತರವೂ ಬದಲಾಗುವುದರಿಂದ ಸ್ಯಾಡಲ್ ಮೊದಲು ಮುಟ್ಟಿದವರು ಎರಡೆರಡು ಬಾರಿ ಕೆಲಸ ಮಾಡಬೇಕಾಗುತ್ತದೆ.

ಟ್ರಸ್ ರಾಡ್‌ನ ತಿರುಪು ಕೆಲವು ಗಿಟಾರುಗಳಲ್ಲಿ ತಲೆಯ ಬುಡದಲ್ಲಿ ಇರುತ್ತದೆ. ಹಳೆಯ ಫೆಂಡರ್ ಮಾದರಿಗಳಲ್ಲಿ ನೆಕ್‌ನ ಇನ್ನೊಂದು ತುದಿಯಲ್ಲಿ ಅಡಗಿದ್ದು, ತಿರುಗಿಸಲು ನೆಕ್ಕನ್ನೇ ಸಡಿಲಿಸಿ ಎತ್ತಬೇಕಾಗುತ್ತದೆ. ತಿರುಪಿಗೆ ಎದುರಾಗಿ ನಿಂತು ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ರಾಡ್ ಬಿಗಿಯಾಗಿ ರಿಲೀಫ್ ಕಡಿಮೆಯಾಗುತ್ತದೆ, ವಿರುದ್ಧ ದಿಕ್ಕಿಗಾದರೆ ಹೆಚ್ಚುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಬಾರಿಯೂ ಶ್ರುತಿ ಕೂಡಿಸಿ ಮತ್ತೆ ಅಳೆಯಬೇಕು. ಮರ ತಕ್ಷಣ ಪೂರ್ತಿ ಮಣಿಯುವುದಿಲ್ಲ, ಮರುದಿನ ಮತ್ತೆ ನೋಡಿದರೆ ಅಳತೆ ಇನ್ನಷ್ಟು ಸರಿದಿರಬಹುದು. ಅಲೆನ್ ಕೀಲಿ ಸರಿಯಾದ ಅಳತೆಯದ್ದೇ ಆಗಿರಬೇಕು: ಹೆಚ್ಚು ಕಡಿಮೆ ಹೊಂದುವ ಕೀಲಿಯಿಂದ ತಿರುಪಿನ ಮೂಲೆಗಳು ಸವೆದುಹೋದರೆ ಮುಂದಿನ ದುರಸ್ತಿಗೆ ನೆಕ್ಕನ್ನೇ ಕೊರೆಯಬೇಕಾದೀತು. ಬಲ ಹಾಕಿದರೂ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ ಗಿಟಾರ್ ಟೆಕ್ನೀಷಿಯನ್ ಬಳಿ ಒಯ್ಯುವುದು ಲೇಸು. ಮುರಿದ ಟ್ರಸ್ ರಾಡ್ ಬದಲಿಸುವ ಖರ್ಚು ಎಷ್ಟೋ ಬಾರಿ ಗಿಟಾರಿನ ಬೆಲೆಯನ್ನೇ ಮೀರುತ್ತದೆ.

ಸ್ಯಾಡಲ್‌ನ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಒಂದೊಂದು ತಂತಿಗೂ ಬೇರೆ ಸ್ಯಾಡಲ್, ಒಂದೊಂದಕ್ಕೂ ಎರಡು ಪುಟ್ಟ ತಿರುಪು. ಗಿಬ್ಸನ್‌ನ ಲೆಸ್ ಪಾಲ್ ಗಿಟಾರಿನ ಟ್ಯೂನ್-ಓ-ಮ್ಯಾಟಿಕ್ ಬ್ರಿಡ್ಜನ್ನು ಎರಡು ತುದಿಗಳಲ್ಲಿ ಮಾತ್ರ ಏರಿಸಬಹುದು. ಸ್ಯಾಡಲ್‌ಗಳ ಸಾಲು ಫ್ರೆಟ್‌ಬೋರ್ಡಿನ ದುಂಡಿಗೆ ಹೊಂದಿದೆಯೇ ಎಂದು ನೋಡಬೇಕು. ಎತ್ತರ ಬದಲಿಸಿದ ಮೇಲೆ ಇಂಟೊನೇಷನ್, ಅಂದರೆ ಒತ್ತಿದಲ್ಲೆಲ್ಲ ಸ್ವರ ಶ್ರುತಿಗೆ ಸರಿಯಾಗಿದೆಯೇ ಎಂಬುದನ್ನು, ಮತ್ತೆ ಪರೀಕ್ಷಿಸುವುದನ್ನು ಮರೆಯಬಾರದು. ಸ್ಯಾಡಲನ್ನು ಪೂರ್ತಿ ಏರಿಸಿದರೂ ಎತ್ತರ ಸಾಲದಿದ್ದರೆ ನೆಕ್ ದೇಹಕ್ಕೆ ಸೇರುವ ಕೋನ ತಪ್ಪಿದೆ. ತಿರುಪಿನಿಂದ ಕೂರಿಸಿದ ನೆಕ್ ಆದರೆ ಬುಡದಲ್ಲಿ ತೆಳು ಮರದ ಸಿಬಿರು ಕೊಟ್ಟು ಕೋನ ಸರಿಪಡಿಸಬಹುದು, ಅಂಟಿಸಿದ ನೆಕ್‌ನಲ್ಲಿ ಹಾಗಾಗದು.

ಆಳವಾದ ನಟ್ ಸೀಳಿಗೆ ಹೊಸ ನಟ್ ಮಾಡಿಸುವುದೇ ಸರಿಯಾದ ದಾರಿ. ತಾತ್ಕಾಲಿಕವಾಗಿ ಮೂಳೆಯ ಪುಡಿಯನ್ನೋ ಅಡುಗೆ ಸೋಡಾವನ್ನೋ ಸೀಳಿಗೆ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಟ್ಟರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬೇಕಾದ ಆಳಕ್ಕೆ ಮತ್ತೆ ಅರದಿಂದ ತೀಡಬಹುದು. ಸೀಳು ತಲೆಯ ಕಡೆಗೆ ಇಳಿಜಾರಾಗಿರಬೇಕು. ಸಮತಟ್ಟಾಗಿದ್ದರೆ ತಂತಿ ಅದರೊಳಗೇ ನಡುಗಿ ಸಿತಾರಿನ ಸದ್ದು ಮಾಡುತ್ತದೆ.

ಎಳೆದಾಗ ಸಾಯುವ ಸ್ವರ

ಸುಮ್ಮನೆ ಒತ್ತಿದಾಗ ಶುದ್ಧವಾಗಿದ್ದು, ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರ ಏರಿಸಿದಾಗ ಮಾತ್ರ ಉಸಿರು ಕಟ್ಟುವ ಗಿಟಾರುಗಳಿವೆ. ಇದು ಬೋರ್ಡಿನ ದುಂಡಿನ ಫಲ. 7.25 ಇಂಚು, ಅಂದರೆ 184 ಮಿ.ಮೀ. ತ್ರಿಜ್ಯದ ಹಳೆಯ ಫೆಂಡರ್ ಬೋರ್ಡಿನಲ್ಲಿ, ನಡುವಿನಿಂದ 22 ಮಿ.ಮೀ. ಆಚೆ ಇರುವ 1ನೇ ತಂತಿಯ ಕೆಳಗಿನ ಜಾಗಕ್ಕಿಂತ ಬೋರ್ಡಿನ ನಡು ಸುಮಾರು 1.3 ಮಿ.ಮೀ. ಎತ್ತರ. 12 ಇಂಚಿನ ಗಿಬ್ಸನ್ ಬೋರ್ಡಿನಲ್ಲಿ ಅದೇ ವ್ಯತ್ಯಾಸ 0.8 ಮಿ.ಮೀ. ಮಾತ್ರ. ತಂತಿಯನ್ನು ನಡುವಿನ ಕಡೆಗೆ ಎಳೆದಾಗ ಸ್ಯಾಡಲ್ ತನ್ನ ತಗ್ಗಿನ ಜಾಗದಲ್ಲೇ ಉಳಿಯುತ್ತದೆ, ನಡುವೆ ಇರುವ ಫ್ರೆಟ್‌ಗಳ ಉಬ್ಬನ್ನು ತಂತಿ ಓರೆಯಾಗಿ ದಾಟಬೇಕಾಗುತ್ತದೆ, ದಾಟಲಾಗದೆ ಸಿಕ್ಕಿಬೀಳುತ್ತದೆ. ಆರ್. ಪ್ರಸನ್ನ ಅವರಂತೆ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸಲು ಹೊರಟವರು, ಎಳೆತದಿಂದ ಗಮಕ ತೆಗೆಯುವವರು ಕೊಳ್ಳುವ ಮುನ್ನ ಮೊದಲು ಕೇಳಬೇಕಾದ್ದು ಬೋರ್ಡಿನ ತ್ರಿಜ್ಯವನ್ನು. ಇದ್ದ ಗಿಟಾರಿನಲ್ಲೇ ನಿಭಾಯಿಸಬೇಕೆಂದರೆ 1 ಮತ್ತು 2ನೇ ತಂತಿಗಳ ಸ್ಯಾಡಲ್ ಏರಿಸುವುದೊಂದೇ ಸುಲಭದ ಉಪಾಯ. ಬೋರ್ಡನ್ನು ತೋಡಿ ಹಳ್ಳ ಮಾಡಿಸಿದರೆ ಇದಕ್ಕೆ ಏನೂ ಪ್ರಯೋಜನವಿಲ್ಲ. ತಂತಿ ತಾಗುವುದು ಫ್ರೆಟ್ಟಿಗೆ, ಮರಕ್ಕಲ್ಲ.

ಅರದ ಕೆಲಸ

ಎದ್ದ ಫ್ರೆಟ್ಟನ್ನು ಮೊದಲು ಕೂರಿಸಲು ನೋಡಬೇಕು: ಸೀಳಿಗೆ ತೆಳು ಸೂಪರ್ ಗ್ಲೂ ಇಳಿಸಿ, ಮರದ ತುಂಡಿಟ್ಟು ಒತ್ತಿ ಬಿಗಿದು ಬಿಡುವುದು. ಆಗದಿದ್ದರೆ, ಅಥವಾ ಮೊದಲ ಕೆಲವು ಫ್ರೆಟ್‌ಗಳು ತಂತಿಯ ಕೆಳಗೆ ಗುಳಿ ಬಿದ್ದು ಹಲವು ಕಡೆ ಬಜ್ ಇದ್ದರೆ ಎಲ್ಲ ಫ್ರೆಟ್‌ಗಳನ್ನೂ ಸಮತಟ್ಟು ಮಾಡಬೇಕು. ಸವೆದ ಫ್ರೆಟ್ ತಗ್ಗಾಗಿ, ಸವೆಯದ ಮುಂದಿನದು ಎದ್ದಂತೆ ವರ್ತಿಸುತ್ತದೆ. ಹೆಚ್ಚಿನ ಗಿಟಾರುಗಳ ಫ್ರೆಟ್‌ಗಳು ನಿಕಲ್ ಸಿಲ್ವರ್ ಎಂಬ ತಾಮ್ರ, ನಿಕಲ್, ಸತುವಿನ ಮಿಶ್ರಲೋಹದವು, ಬೆಳ್ಳಿಯ ಲವಲೇಶವೂ ಇರುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್‌ನವು ಹೆಚ್ಚು ಕಾಲ ಬಾಳುತ್ತವೆ, ಅರವನ್ನೂ ಅಷ್ಟೇ ಬೇಗ ತಿನ್ನುತ್ತವೆ.

ತಂತಿ ತೆಗೆದು, ನೆಕ್ಕನ್ನು ನೇರಪಟ್ಟಿಯಿಟ್ಟು ನೇರ ಮಾಡಿ, ಫ್ರೆಟ್‌ಗಳ ನಡುವಿನ ಮರಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಒಂದೊಂದು ಫ್ರೆಟ್ಟಿನ ನೆತ್ತಿಗೂ ಮಾರ್ಕರ್‌ನಿಂದ ಬಣ್ಣ ಬಳಿಯುತ್ತಾರೆ. ಉಪ್ಪುಕಾಗದ ಅಂಟಿಸಿದ ನೇರವಾದ ಉದ್ದನೆಯ ದಂಡವನ್ನು ತಂತಿಗಳ ದಾರಿಯಲ್ಲಿ ಹಗುರವಾಗಿ ಆಡಿಸಿದರೆ ಎತ್ತರದ ಫ್ರೆಟ್‌ಗಳ ಬಣ್ಣ ಮೊದಲು ಹೋಗುತ್ತದೆ, ತಗ್ಗಿನವು ಬಣ್ಣ ಉಳಿಸಿಕೊಳ್ಳುತ್ತವೆ. ಎಲ್ಲಕ್ಕಿಂತ ತಗ್ಗಿನ ಫ್ರೆಟ್ಟಿನ ನೆತ್ತಿಯಿಂದಲೂ ಬಣ್ಣ ಮಾಸಿದ ಕ್ಷಣ ನಿಲ್ಲಿಸಬೇಕು. ಈಗ ನೆತ್ತಿಗಳೆಲ್ಲ ಚಪ್ಪಟೆ. ಮತ್ತೆ ಬಣ್ಣ ಬಳಿದು, ದುಂಡು ಬಾಯಿಯ ಅರದಿಂದ ಎರಡೂ ಪಕ್ಕ ತೀಡುತ್ತ ನಡುವೆ ಕೂದಲೆಳೆಯಷ್ಟು ಬಣ್ಣದ ಗೆರೆ ಉಳಿಯುವವರೆಗೆ ಬರಬೇಕು. ಆ ಗೆರೆ ಅಳಿಸಿದರೆ ಮಾಡಿದ ಸಮತಟ್ಟೆಲ್ಲ ವ್ಯರ್ಥ. ಚಪ್ಪಟೆಯಾಗಿಯೇ ಬಿಟ್ಟರೂ ತಂತಿ ನೆತ್ತಿಯ ಅಗಲದ ಮೇಲೆ ನಡುಗಿ, ಒಂದು ಬಜ್ ಹೋಗಿ ಇನ್ನೊಂದು ಬರುತ್ತದೆ. ಕೊನೆಗೆ ನುಣುಪಾದ ಉಪ್ಪುಕಾಗದ, ಪಾಲಿಷ್. ಉಕ್ಕಿನ ನಾರಿನಿಂದ ಉಜ್ಜುವವರು ಪಿಕಪ್‌ಗಳನ್ನು ಟೇಪಿನಿಂದ ಮುಚ್ಚಿರಲೇಬೇಕು. ಅಯಸ್ಕಾಂತಕ್ಕೆ ಅಂಟಿದ ಉಕ್ಕಿನ ಪುಡಿ ಸುಲಭಕ್ಕೆ ಬಿಡುವುದಿಲ್ಲ.

ಹೊಸ ಫ್ರೆಟ್ಟಿನ ಎತ್ತರವೇ ಸಾಮಾನ್ಯವಾಗಿ 1ರಿಂದ 1.4 ಮಿ.ಮೀ. ಆದ್ದರಿಂದ ಇಂಥ ಕೆಲಸವನ್ನು ಕೆಲವೇ ಬಾರಿ ಮಾಡಬಹುದು. ಆಮೇಲೆ ಹಳೆಯ ಫ್ರೆಟ್‌ಗಳನ್ನು ಕಿತ್ತು ಹೊಸತು ಬಡಿಯಬೇಕು. ಬರ್ಲಿನ್‌ನಲ್ಲಿ ರೂಪುಗೊಂಡ ಪ್ಲೆಕ್ ಎಂಬ ಯಂತ್ರ ತಂತಿ ಬಿಗಿದಿರುವಾಗಲೇ ಫ್ರೆಟ್‌ಗಳನ್ನು ಅಳೆದು, ಕಂಪ್ಯೂಟರಿನ ಲೆಕ್ಕದಂತೆ ಬೇಕಾದಷ್ಟೇ ಕೊರೆಯುತ್ತದೆ. ಗಿಬ್ಸನ್ ಕಾರ್ಖಾನೆಯಲ್ಲೂ ಅದು ಬಳಕೆಯಲ್ಲಿದೆ. ನುರಿತ ಕೈಯೂ ಅಷ್ಟೇ ಚೆನ್ನಾಗಿ ಮಾಡಬಲ್ಲದು, ಸಮಯ ಹೆಚ್ಚು ಹಿಡಿಯುತ್ತದೆ ಅಷ್ಟೇ.

ಹವೆ, ಮರ

ಗಿಟಾರಿಗೆ ಹಿತವಾದ ತೇವ ನೂರಕ್ಕೆ 45ರಿಂದ 55 ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮಂಗಳೂರಿನ ಆಷಾಢದಲ್ಲೂ ಕಲಬುರಗಿಯ ಏಪ್ರಿಲ್‌ನಲ್ಲೂ ಆ ಸಂಖ್ಯೆ ಕನಸಿನ ಮಾತು. ಕರಾವಳಿಯ ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ನೆಕ್‌ನ ಬಾಗು ಸರಿದು ತಂತಿ ಎತ್ತರವಾಗುವುದುಂಟು. ಬಯಲುಸೀಮೆಯ ಬೇಸಗೆಯಲ್ಲಿ ಮರ ಕುಗ್ಗಿ, ಫ್ರೆಟ್‌ಗಳ ತುದಿ ಅಂಚಿನಿಂದ ಹೊರಗೆ ಚಾಚಿ ಅಂಗೈಗೆ ಚುಚ್ಚುತ್ತವೆ. ಸೀಳು ಸಡಿಲವಾಗಿ ಫ್ರೆಟ್ ಏಳುತ್ತದೆ. ಋತು ಬದಲಾದಾಗ ಬಂದ ಬಜ್‌ಗೆ ಟ್ರಸ್ ರಾಡ್ ಕಾಲು ಸುತ್ತು ಸಾಕಾಗುವುದೇ ಹೆಚ್ಚು. ಅದಕ್ಕಾಗಿ ಫ್ರೆಟ್ ಉಜ್ಜಿದರೆ ಮುಂದಿನ ಋತುವಿನಲ್ಲಿ ಪಶ್ಚಾತ್ತಾಪ ಖಚಿತ. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಿಟಾರು ಬಿಡುವುದಂತೂ ನೆಕ್ಕಿಗೆ ಮಾಡುವ ದ್ರೋಹ.

ಜಗತ್ತಿನ ಅಸಂಖ್ಯ ಗಿಟಾರುಗಳ ಫ್ರೆಟ್ ಕೂತಿರುವುದು ನಮ್ಮ ಬೀಟೆ ಮರದ ಮೇಲೆ. ಪಶ್ಚಿಮಘಟ್ಟದ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ ಈ ಮರವನ್ನು ಫೆಂಡರ್ 1960ರ ದಶಕದ ನಡುಭಾಗದಿಂದ ಬ್ರೆಜಿಲ್‌ನ ರೋಸ್‌ವುಡ್ ಬದಲಿಗೆ ಬಳಸತೊಡಗಿತು. ಬ್ರೆಜಿಲ್‌ನ ಮರ 1992ರಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿದ ಮೇಲಂತೂ ಬೀಟೆಗೆ ಬೇಡಿಕೆ ಇನ್ನೂ ಹೆಚ್ಚಿತು.

ಬೇಕೆಂದೇ ತರುವ ಬಜ್

ತಂತಿ ಲೋಹಕ್ಕೋ ಮೂಳೆಗೋ ಸವರಿ ಹೊರಡುವ ಸದ್ದು ಎಲ್ಲೆಡೆಯೂ ದೋಷವಲ್ಲ. ತಂಬೂರಿಯ ಅಗಲವಾದ ಕುದುರೆಯ ಮೇಲೆ ತಂತಿಯಡಿ ಜೀವಾಳದ ಎಳೆಯನ್ನು ಸರಿಸಿ ಸರಿಸಿ ಹುಡುಕುವುದು ಇದೇ ಸವರುವಿಕೆಯನ್ನು. ಸಿ.ವಿ. ರಾಮನ್ ಬೆಂಗಳೂರಿಗೆ ಬರುವುದಕ್ಕೆ ಬಹಳ ಮೊದಲೇ, 1921ರಲ್ಲಿ, ತಂಬೂರಿ ಮತ್ತು ವೀಣೆಯ ಕುದುರೆಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ಮೀಟಿದ ಜಾಗದ ನಿಯಮದಂತೆ ಇರಬಾರದ ಉಪಸ್ವರಗಳೂ ಈ ವಾದ್ಯಗಳಲ್ಲಿ ತುಂಬಿ ಕೇಳುತ್ತವೆಂದು ತೋರಿಸಿದ್ದರು. ಅಮೆರಿಕದ ವಿನ್ಸೆಂಟ್ ಬೆಲ್ 1967ರ ಕೋರಲ್ ಎಲೆಕ್ಟ್ರಿಕ್ ಸಿತಾರಿಗೆ ಚಪ್ಪಟೆ ಬ್ರಿಡ್ಜ್ ಇಟ್ಟು ಅದೇ ಜೇಂಕಾರವನ್ನು ಗಿಟಾರಿಗೆ ತಂದ. ವ್ಯತ್ಯಾಸವಿಷ್ಟೇ: ಅಲ್ಲಿ ತಂತಿ ತನ್ನ ಕೊನೆಯಲ್ಲಿ, ಹದವಾದ ಇಳಿಜಾರಿನ ಮೇಲೆ, ಎಲ್ಲ ಸ್ವರಕ್ಕೂ ಒಂದೇ ಬಗೆಯಲ್ಲಿ ಸವರುತ್ತದೆ. ಫ್ರೆಟ್ ಬಜ್‌ನಲ್ಲಿ ದಾರಿ ಮಧ್ಯೆ ಎಡವುತ್ತದೆ. ಅಂದಹಾಗೆ ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ಕೂತಿರುವುದರಿಂದ, ಎದ್ದದ್ದನ್ನು ಮೇಣ ಮೆತ್ತಗಾಗಿಸಿ ಮತ್ತೆ ಕೂರಿಸಬಹುದು. ಗಿಟಾರಿಗೆ ಆ ಭಾಗ್ಯವಿಲ್ಲ.

ಗಿಟಾರು ಚೆನ್ನಾಗಿ ನುಡಿಯುತ್ತಿರುವ ದಿನವೇ ಅದರ ರಿಲೀಫ್, 12ನೇ ಫ್ರೆಟ್ಟಿನ ಮೇಲೆ ಎರಡೂ ಅಂಚಿನ ತಂತಿಗಳ ಎತ್ತರ, ತಂತಿಯ ಅಳತೆ, ತಿಂಗಳು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಗಿಟಾರಿನ ಚೀಲದಲ್ಲಿ ಇಟ್ಟುಕೊಳ್ಳಿ. ಮುಂದೆ ಎಂದಾದರೂ ಜಿರ್ರೆಂದರೆ ಅರಕ್ಕೆ ಕೈ ಹಾಕುವ ಮೊದಲು ಆ ಅಂಕಿಗಳನ್ನು ತಾಳೆ ನೋಡಿ.